ಬಾಟು ಗುಡ್ಡದ ಬೇಹುಗಾರ

ಬಾಟು ಕೇವ್ಸ್‌ಗೆ ಬಂದವರ ಫೋಟೋಗಳಲ್ಲಿ 2006ರಲ್ಲಿ ನಿಂತ ಚಿನ್ನದ ಬಣ್ಣದ ಮುರುಗನ್ ಇರುತ್ತಾನೆ, ಬೆನ್ನಿಗೆ 272 ಮೆಟ್ಟಿಲುಗಳಿರುತ್ತವೆ. ಕುಕ್ಕೆಗೆ ಹರಕೆ ಹೊರುವ ಮನೆಯಲ್ಲಿ ಹುಟ್ಟಿದ ನನಗೂ ಕ್ವಾಲಾಲಂಪುರದಲ್ಲಿ ಸುಬ್ರಹ್ಮಣ್ಯನೆಂದರೆ ಇವನೇ. ಆದರೆ ಈ ಸುಣ್ಣಕಲ್ಲಿನ ಗುಡ್ಡಕ್ಕೆ ಇನ್ನೊಂದು ಚರಿತ್ರೆಯೂ ಇದೆ. ಅದನ್ನು ತಿಳಿದ ಮೇಲೆ ಬೇಹುಗಾರಿಕೆಯ ಕಾದಂಬರಿಗಳು ನನಗೆ ರುಚಿಸುತ್ತಿಲ್ಲ.

1942ರ ಸೆಪ್ಟೆಂಬರ್ 1. ಬ್ರಿಟಿಷರು ಆಳುತ್ತಿದ್ದ, ಇಂದು ಮಲೇಷ್ಯಾದ ಭಾಗವಾಗಿರುವ ಮಲಯಾ ಜಪಾನಿಯರ ವಶವಾಗಿ ತಿಂಗಳುಗಳೇ ಕಳೆದಿದ್ದವು. ಕಾಡಿನಲ್ಲಿದ್ದುಕೊಂಡು ಅವರ ವಿರುದ್ಧ ಹೋರಾಡುತ್ತಿದ್ದ ಕಮ್ಯುನಿಸ್ಟ್ ಮುಖಂಡರು ಈ ಗುಡ್ಡದ ಬಳಿ ಗುಟ್ಟಾಗಿ ಸಭೆ ಸೇರಿದ್ದರು. ಬೆಳಕು ಹರಿಯುವ ಹೊತ್ತಿಗೆ ಜಪಾನಿ ಸೈನಿಕರು ಸುತ್ತುವರಿದರು. ಪಕ್ಷದ ಮೇಲ್ಸ್ತರದ ಹಲವರು ಅಲ್ಲೇ ಸತ್ತರು. ಬರಬೇಕಿದ್ದು ಬಾರದೆ ಉಳಿದವನು ಪ್ರಧಾನ ಕಾರ್ಯದರ್ಶಿ ಲೈ ಟೆಕ್. ಕಾರು ಕೆಟ್ಟಿತ್ತಂತೆ.

ಪತ್ತೇದಾರಿ ಓದಿದ ಯಾವ ಹುಡುಗನಾದರೂ ಇಲ್ಲೇ ಪುಸ್ತಕ ಮಡಚಿ, ‘ಇವನೇ’ ಅನ್ನುತ್ತಿದ್ದ. ಜಪಾನಿಯರ ಆಳ್ವಿಕೆಯಲ್ಲಿ, ಪೆಟ್ರೋಲಿಗೆ ಬರ ಇದ್ದ ಕಾಲದಲ್ಲಿ, ತಲೆಮರೆಸಿಕೊಂಡ ನಾಯಕನಿಗೆ ಕಾರೆಲ್ಲಿಂದ ಬಂತು? ಪಕ್ಷದವರು ಕೇಳಲಿಲ್ಲ. ಈ ಮನುಷ್ಯ ಮೊದಲು ಇಂಡೋಚೈನಾದಲ್ಲಿ ಫ್ರೆಂಚರಿಗೆ, ಆಮೇಲೆ ಸಿಂಗಪುರದಲ್ಲಿ ಬ್ರಿಟಿಷ್ ಪೊಲೀಸರಿಗೆ ಸುದ್ದಿ ಕೊಡುತ್ತಿದ್ದವನು. 1942ರಲ್ಲಿ ಜಪಾನಿಯರ ಕೈಗೆ ಸಿಕ್ಕಿ, ಅವರ ಕೆಲಸವನ್ನೂ ಒಪ್ಪಿಕೊಂಡು ಹೊರಬಂದಿದ್ದ. ಯುದ್ಧ ಮುಗಿಯುತ್ತಿದ್ದಂತೆ ಪಿನಾಂಗಿನ ಪತ್ರಿಕೆಯೊಂದು ಅವನ ಬಣ್ಣ ಬಯಲು ಮಾಡಿತು. ಆಗಲೂ ಪಕ್ಷ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅವರೇನು ದಡ್ಡರಾಗಿರಲಿಲ್ಲ, ಭಕ್ತರಾಗಿದ್ದರು. ದೇವರನ್ನು ಒಪ್ಪದ ಪಕ್ಷದಲ್ಲೂ ಗುರುಪೀಠ ಇರುತ್ತದೆ, ಪೀಠದಲ್ಲಿ ಕೂತವನನ್ನು ಪ್ರಶ್ನಿಸುವುದು ಪಾಪವಾಗುತ್ತದೆ. ವಿಮಾನ ನಿಲ್ದಾಣದಲ್ಲಿ ಕೊಂಡ ಗೂಢಚಾರರ ಕಾದಂಬರಿಗಳು ನನ್ನನ್ನು ನಿರಾಸೆಗೊಳಿಸುವುದು ಈ ಕಾರಣಕ್ಕೇ. ಅವುಗಳಲ್ಲಿ ಪಿಸ್ತೂಲು, ನಕಲಿ ಪಾಸ್‌ಪೋರ್ಟು ಎಲ್ಲ ಇರುತ್ತವೆ. ಯಾವುದನ್ನಾದರೂ ಮನಸಾರೆ ನಂಬಿದ ಒಬ್ಬ ಮನುಷ್ಯ ಇರುವುದಿಲ್ಲ. ನಂಬಿದವರೇ ಇಲ್ಲದ ಕಡೆ ದ್ರೋಹಕ್ಕೆ ಏನು ಬೆಲೆ?

1947ರ ಮಾರ್ಚ್‌ನಲ್ಲಿ ಕೊನೆಗೂ ವಿಚಾರಣೆಗೆ ಸಭೆ ಕರೆದರು. ಲೈ ಟೆಕ್ ಬರಲಿಲ್ಲ. ಪಕ್ಷದ ಹಣದ ಸಮೇತ ಪರಾರಿಯಾಗಿದ್ದ. ಅದೇ ವರ್ಷ ಬ್ಯಾಂಕಾಕಿನಲ್ಲಿ ಅವನ ಕೊಲೆಯಾಯಿತು. ಇಪ್ಪತ್ತರ ಹರೆಯದ ಚಿನ್ ಪೆಂಗ್ ಅವನ ಸ್ಥಾನಕ್ಕೆ ಬಂದ.

ಎನ್. ನರಸಿಂಹಯ್ಯನವರ ಕಾದಂಬರಿಗಳಲ್ಲಿ ಪತ್ತೇದಾರ ಪುರುಷೋತ್ತಮ ಅಪರಾಧಿಯನ್ನು ಹಿಡಿದರೆ ಊರು ನೆಮ್ಮದಿಯಾಗಿ ಮಲಗುತ್ತಿತ್ತು. ಇಲ್ಲಿ ದ್ರೋಹಿ ತೊಲಗಿದ ಮರುವರ್ಷವೇ, 1948ರ ಜೂನ್‌ನಲ್ಲಿ, ಯುದ್ಧದ ನಂತರ ಮರಳಿದ್ದ ಬ್ರಿಟಿಷರು ಪಕ್ಷದ ಬಂಡಾಯ ಹತ್ತಿಕ್ಕಲು ತುರ್ತು ಪರಿಸ್ಥಿತಿ ಸಾರಿದರು. ಅದು 1960ರ ಜುಲೈವರೆಗೆ ನಡೆಯಿತು. ಬಂಡುಕೋರರು, ಸೈನಿಕರು, ಸಾಮಾನ್ಯರು ಸೇರಿ ಸುಮಾರು 11,000 ಜನ ಸತ್ತರು. ಐದು ಲಕ್ಷದಷ್ಟು ಜನರನ್ನು ಕಾಡಂಚಿನಿಂದ ಎಬ್ಬಿಸಿ ಮುಳ್ಳುತಂತಿಯ ‘ಹೊಸ ಹಳ್ಳಿ’ಗಳಲ್ಲಿ ಕೂರಿಸಿದರು. 1945ರಲ್ಲಿ ಬಂದೂಕು ಕೈಯಲ್ಲಿದ್ದರೂ ಬ್ರಿಟಿಷರ ಮೇಲೆ ಬೀಳಬೇಡಿ, ರಾಜಿಯ ದಾರಿ ಹಿಡಿಯಿರಿ ಎಂದು ಪಕ್ಷವನ್ನು ತಡೆದವನು ಇದೇ ಲೈ ಟೆಕ್. ಅದು ಧಣಿಗಳನ್ನು ಮೆಚ್ಚಿಸಲು ಹೇಳಿದ ಮಾತೇ ಇರಬಹುದು. ಅವನ ಜಾಗಕ್ಕೆ ಬಂದ ಪ್ರಾಮಾಣಿಕರು ಯುದ್ಧಕ್ಕೆ ಹೊರಟರು.

ಚಿನ್ ಪೆಂಗ್ 1989ರಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರೂ ಬದುಕಿದ್ದಾಗ ಅವನನ್ನು ಊರಿಗೆ ಮರಳಲು ಮಲೇಷ್ಯಾ ಬಿಡಲಿಲ್ಲ. 2013ರಲ್ಲಿ ಬ್ಯಾಂಕಾಕಿನಲ್ಲಿ ತೀರಿಕೊಂಡ. 2019ರಲ್ಲಿ ಅವನ ಚಿತಾಭಸ್ಮ ಸದ್ದಿಲ್ಲದೆ ಮಲೇಷ್ಯಾ ಸೇರಿದ ಸುದ್ದಿ ಹೊರಬಿದ್ದಾಗ ದೇಶದಲ್ಲಿ ದೊಡ್ಡ ಜಗಳವೇ ಆಯಿತು. ನಾನು ಕಮ್ಯುನಿಸ್ಟನಲ್ಲ. ಆದರೂ ರಾಜಕೀಯದಲ್ಲಿ ಮಾತಾಡಿದವನ ಚಾರಿತ್ರ್ಯ ಒಂದು, ಮಾತಿನ ಫಲ ಇನ್ನೊಂದು ಎನ್ನುವುದನ್ನು ಇವರಿಬ್ಬರಿಂದ ಕಲಿತೆ. ನೀಚನ ಸಲಹೆ ಜೀವ ಉಳಿಸಬಹುದು, ಸಜ್ಜನನ ಹಟ ಜೀವ ತೆಗೆಯಬಹುದು. ಇದನ್ನು ಒಪ್ಪುವ ಧೈರ್ಯವಿರುವ ಪತ್ತೇದಾರಿ ಕಾದಂಬರಿ ಬಂದರೆ ಮೊದಲ ಪ್ರತಿ ನನಗೇ ಇರಲಿ.