ದಟ್ಟಿಗೆ ಮೊಳ ಹಾಕುವುದು

‘ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ’ ಎಂಬ ಗಾದೆಯನ್ನು ನಮ್ಮ ಹಿರಿಯರು ಮಾಡಿದ್ದು ಬಿಟ್ಟಿ ಸಿಕ್ಕಿದ್ದರಲ್ಲೂ ಹುಳುಕು ಹುಡುಕುವವರನ್ನು ಹಂಗಿಸಲಿಕ್ಕೆ. ಬಟ್ಟೆಯ ಮಟ್ಟಿಗೆ ಆ ಮಾತು ಸರಿಯೇ. ಆದರೆ ಕಂಪ್ಯೂಟರಿಗೆ ಪುಕ್ಕಟೆಯಾಗಿ ಸಿಗುವ ಆಂಟಿವೈರಸ್ಸಿನ ವಿಷಯದಲ್ಲಿ ಮಾತ್ರ ಹಿತ್ತಲಿಗೇಕೆ, ಜಗಲಿಯ ಮೇಲೆ ಎಲ್ಲರೆದುರಿಗೇ ಮೊಳ ಹಾಕಿ ನೋಡಬೇಕೆಂಬ ಪಕ್ಷ ನನ್ನದು.

ನಾನು ಕಂಪ್ಯೂಟರ್ ವಿದ್ಯೆ ಕಲಿತವಳಲ್ಲ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನದ ಪಾಠ ಮಾಡುವವಳು. ಆದರೂ ನಮ್ಮ ಶಾಲೆಯ ಕಂಪ್ಯೂಟರ್ ಕೋಣೆಯ ಬೀಗದ ಕೈ ಬಹಳ ವರ್ಷ ನನ್ನ ಹತ್ತಿರವೇ ಇದ್ದುದರಿಂದ, ನಿವೃತ್ತರಾದ ಮೇಷ್ಟ್ರುಗಳು ಲ್ಯಾಪ್‌ಟಾಪ್ ಕೊಂಡಾಗ, ಅಥವಾ ಬೆಂಗಳೂರಿನ ಮಗ ತನ್ನ ಹಳೆಯದನ್ನು ತಂದುಕೊಟ್ಟಾಗ, ‘ಮೇಡಂ, ಇದಕ್ಕೆ ಧರ್ಮಕ್ಕೆ ಸಿಗೋದು ಯಾವುದು ಹಾಕ್ಕೊಳ್ಳಲಿ?’ ಎಂದು ನನ್ನನ್ನೇ ಕೇಳುತ್ತಾರೆ. ಒಂದು ಹೆಸರು ಹೇಳಿ ಮುಗಿಸಬಹುದು. ಇತಿಹಾಸದವಳಾದ್ದರಿಂದ ನಾನು ಮೊದಲು ಕತೆ ಹೇಳುತ್ತೇನೆ. ಕೆಲವರು ಅರ್ಧಕ್ಕೇ ಎದ್ದು ಹೋಗುವುದೂ ಉಂಟು.

ಕತೆ ಶುರುವಾಗುವುದು ಲಾಹೋರಿನಲ್ಲಿ. 1986ರಲ್ಲಿ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಅಲ್ವಿ ಎಂಬ ಸಹೋದರರು ಅಲ್ಲಿ ಕಂಪ್ಯೂಟರ್ ವ್ಯಾಪಾರ ಇಟ್ಟುಕೊಂಡಿದ್ದರು. ತಾವು ಬರೆದ ವೈದ್ಯಕೀಯ ಸಾಫ್ಟ್‌ವೇರನ್ನು ಜನ ದುಡ್ಡು ಕೊಡದೆ ನಕಲು ಮಾಡಿಕೊಳ್ಳುತ್ತಾರೆಂಬ ಸಿಟ್ಟಿಗೆ, ಫ್ಲಾಪಿಯ ಮೊದಲ ಭಾಗದಲ್ಲಿ ಹೋಗಿ ಕೂರುವ ಒಂದು ಪುಟ್ಟ ಪ್ರೋಗ್ರಾಮನ್ನು ಬರೆದರು. ‘ಬ್ರೇನ್’ ಎಂದು ಅದರ ಹೆಸರು. ಐಬಿಎಂ ಮಾದರಿಯ ಪಿ.ಸಿ.ಗಳಲ್ಲಿ ಹರಡಿದ ಮೊದಲ ವೈರಸ್ ಅದೇ. ಅದರೊಳಗೆ ತಮ್ಮ ಹೆಸರು, ಅಂಗಡಿಯ ವಿಳಾಸ, ಫೋನ್ ನಂಬರು ಎಲ್ಲವನ್ನೂ ಬರೆದಿಟ್ಟು, ಲಸಿಕೆ ಬೇಕಾದವರು ನಮ್ಮನ್ನು ಕಾಣಿ ಎಂದೂ ಸೇರಿಸಿದ್ದರು. ಕನ್ನ ಹಾಕಿದವನು ಹೋಗುವಾಗ ಹೊಸ್ತಿಲ ಮೇಲೆ ವಿಸಿಟಿಂಗ್ ಕಾರ್ಡ್ ಇಟ್ಟು ಹೋದ ಹಾಗೆ! ಫ್ಲಾಪಿಯಿಂದ ಫ್ಲಾಪಿಗೆ ದಾಟಿಕೊಂಡು ಅದು ಅಮೆರಿಕದ ವಿಶ್ವವಿದ್ಯಾಲಯಗಳವರೆಗೂ ಹೋಯಿತು. ಅಣ್ಣತಮ್ಮಂದಿರ ಫೋನು ಎಲ್ಲೆಲ್ಲಿಂದಲೋ ಬಾರಿಸತೊಡಗಿತು. 2011ರಲ್ಲಿ ಫಿನ್‌ಲ್ಯಾಂಡಿನ ವೈರಸ್ ತಜ್ಞ ಮಿಕ್ಕೊ ಹಿಪ್ಪೊನೆನ್ ಅದೇ ವಿಳಾಸ ಹಿಡಿದು ಹೋದಾಗ ಇಬ್ಬರೂ ಅಲ್ಲೇ ಇದ್ದರು, ಇಂಟರ್‌ನೆಟ್ ಕಂಪನಿ ನಡೆಸಿಕೊಂಡು. ಆ ವೈರಸ್ಸು ಲೋಕ ಸುತ್ತಿದ್ದು ಬಿಟ್ಟಿಯಾಗಿ ಮಾಡಿಕೊಂಡ ನಕಲುಗಳ ಬೆನ್ನೇರಿ ಎಂಬುದನ್ನು ನಾನು ಮಕ್ಕಳಿಗೆ ತಪ್ಪದೆ ಹೇಳುತ್ತೇನೆ.

ಇಲ್ಲಿ ಒಂದು ವಿಷಯ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ವೈರಸ್ಸಿನ ಬಗ್ಗೆ ಶಾಸ್ತ್ರೀಯವಾಗಿ ಮೊದಲು ಬರೆದ ಅಮೆರಿಕದ ಫ್ರೆಡ್ ಕೋಹೆನ್, ಎಲ್ಲ ವೈರಸ್ಸುಗಳನ್ನೂ ತಪ್ಪಿಲ್ಲದೆ ಹಿಡಿಯುವ ಪ್ರೋಗ್ರಾಮನ್ನು ಬರೆಯಲು ಸಾಧ್ಯವೇ ಇಲ್ಲವೆಂದು 1980ರ ದಶಕದಲ್ಲೇ ಗಣಿತದ ಮೂಲಕ ಸಾಧಿಸಿ ತೋರಿಸಿದ್ದ. ಅಂದ ಮೇಲೆ ಆಂಟಿವೈರಸ್ ಎಂಬುದು ಒಮ್ಮೆ ಕೊಂಡು ತಂದಿಟ್ಟರೆ ಮುಗಿಯುವ ಒರಳುಕಲ್ಲಲ್ಲ. ದಿನಾ ಹಾಲು ಕರೆಯುವಂಥ ಕೆಲಸ. ಯಾರೋ ಎಲ್ಲೋ ಕುಳಿತು ಹೊಸದಾಗಿ ಬಂದ ವೈರಸ್ಸನ್ನು ಬಿಡಿಸಿ ನೋಡಿ, ಅದರ ಗುರುತನ್ನು ಪಟ್ಟಿಗೆ ಸೇರಿಸಿ, ಆ ಪಟ್ಟಿಯನ್ನು ನಮ್ಮ ಯಂತ್ರಕ್ಕೆ ಕಳಿಸುತ್ತಿರಬೇಕು. ಅವರಿಗೆ ತಿಂಗಳು ತಿಂಗಳು ಸಂಬಳ ಬೇಡವೇ? ನಾವು ಕೊಡುತ್ತಿಲ್ಲ. ಹಾಗಾದರೆ ಕೊಡುತ್ತಿರುವವರು ಯಾರು?

ಈ ಪ್ರಶ್ನೆಗೆ ಮೊದಲ ಉತ್ತರ ಕಂಡುಕೊಂಡವನು ಜಾನ್ ಮ್ಯಾಕಫಿ. ಲಾಕ್‌ಹೀಡ್ ಕಂಪನಿಯಲ್ಲಿದ್ದಾಗ ಪತ್ರಿಕೆಯಲ್ಲಿ ಬ್ರೇನ್ ಸುದ್ದಿಯನ್ನು ಓದಿ, 1987ರಲ್ಲಿ ಸ್ವಂತ ಸಂಸ್ಥೆ ಶುರು ಮಾಡಿದ. ತನ್ನ ಪ್ರೋಗ್ರಾಮನ್ನು ಡಬ್ಬಿಯಲ್ಲಿಟ್ಟು ಮಾರದೆ, ಟೆಲಿಫೋನ್ ತಂತಿಯ ಮೂಲಕ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಬುಲೆಟಿನ್ ಬೋರ್ಡುಗಳಲ್ಲಿ ಹಾಕಿಬಿಟ್ಟ. ನೌಕರರು ಮನೆಯಲ್ಲಿ ಬಳಸಿ ರೂಢಿಯಾಗಲಿ, ಅವರ ಆಫೀಸುಗಳು ಲೈಸೆನ್ಸ್ ಕೊಳ್ಳಲಿ ಎಂಬುದು ಲೆಕ್ಕ. ಲೆಕ್ಕ ತಪ್ಪಲಿಲ್ಲ. ಆದರೆ ಅವನು ಇನ್ನೊಂದನ್ನೂ ಕಂಡುಕೊಂಡಿದ್ದ: ಭಯ. ಮೈಕೆಲೇಂಜಲೊ ಎಂಬ ವೈರಸ್ಸು 1992ರ ಮಾರ್ಚ್ 6ರಂದು ಎದ್ದು ಡಿಸ್ಕುಗಳನ್ನು ಅಳಿಸುತ್ತದೆ, 50 ಲಕ್ಷ ಯಂತ್ರಗಳವರೆಗೂ ಹಾಳಾಗಬಹುದು ಎಂಬ ಅವನ ಮಾತನ್ನು ಪತ್ರಿಕೆಗಳು ದೊಡ್ಡದಾಗಿ ಅಚ್ಚು ಹಾಕಿದವು. ಆ ದಿನ ಬಂತು, ಹೋಯಿತು. ಕೆಟ್ಟವು ಕೆಲವು ಸಾವಿರ, ಹೆಚ್ಚೆಂದರೆ ಇಪ್ಪತ್ತು ಸಾವಿರ ಎಂಬುದು ಆಮೇಲಿನ ಲೆಕ್ಕ. ಅಷ್ಟರಲ್ಲಿ ಮಾರಾಟ ನಡೆದುಹೋಗಿತ್ತು. ಅದೇ ವರ್ಷ ಕಂಪನಿ ಷೇರು ಪೇಟೆಗೂ ಇಳಿಯಿತು. ಗ್ರಹಣದ ದಿನ ಹೆದರಿಸಿ ದಾನ ಇಸಿದುಕೊಳ್ಳುವವರನ್ನು ಕಂಡವರಿಗೆ ಇದು ಹೊಸದೇನಲ್ಲ.

ನಮ್ಮ ಕಡೆಯ ಕತೆಯೂ ಇದೆ. ಪುಣೆಯಲ್ಲಿ ಕ್ಯಾಲ್ಕ್ಯುಲೇಟರ್ ರಿಪೇರಿ ಮಾಡುತ್ತಿದ್ದ ಕೈಲಾಶ್ ಕಾಟ್ಕರ್, ಕಂಪ್ಯೂಟರ್ ರಿಪೇರಿಗೆ ಕೈ ಹಾಕಿದಾಗ ಗಿರಾಕಿಗಳ ಯಂತ್ರಗಳೆಲ್ಲ ವೈರಸ್ಸಿನಿಂದಲೇ ಕೆಟ್ಟು ಬರುತ್ತಿದ್ದವು. ಕಂಪ್ಯೂಟರ್ ವಿಜ್ಞಾನ ಓದುತ್ತಿದ್ದ ತಮ್ಮ ಸಂಜಯ್ ಅವಕ್ಕೆ ಮದ್ದು ಬರೆದುಕೊಟ್ಟ. 1995ರಲ್ಲಿ ‘ಕ್ವಿಕ್ ಹೀಲ್’ ಮಾರುಕಟ್ಟೆಗೆ ಬಂತು. ಅದು ಪುಕ್ಕಟೆಯದಲ್ಲ, ಕಡಿಮೆ ಬೆಲೆಯದು. ಆದರೆ ನಮ್ಮ ಊರುಗಳಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಅಂಗಡಿಗಳವರು ಕಡಿಮೆ ಬೆಲೆಯದನ್ನೂ ಪುಕ್ಕಟೆ ಮಾಡಬಲ್ಲ ಜಾಣರಾಗಿದ್ದರು. ‘ಫುಲ್ ವರ್ಷನ್ ಹಾಕಿದೀನಿ ಟೀಚರ್’ ಎಂದು ಅವರು ಹಾಕಿಕೊಡುತ್ತಿದ್ದುದು ಕ್ರ್ಯಾಕ್ ಮಾಡಿದ ಪ್ರತಿ. ಆ ಕ್ರ್ಯಾಕ್ ಕಡತವನ್ನು ಒಳಗೆ ಬಿಡಲು ಮೊದಲು ಆಂಟಿವೈರಸ್ಸನ್ನೇ ಸ್ವಲ್ಪ ಹೊತ್ತು ಆರಿಸಿಡಬೇಕಾಗಿತ್ತು! ಕಾವಲಿನವನನ್ನು ನೇಮಿಸಿಕೊಳ್ಳಲು ಕಳ್ಳನ ಶಿಫಾರಸು.

ಇನ್ನು ಪ್ರಾಗ್ ನಗರಕ್ಕೆ ಹೋಗಬೇಕು. ನಮ್ಮಲ್ಲಿ ಹೆಚ್ಚು ಮನೆಗಳಿಗೆ ಬಂದ ಪುಕ್ಕಟೆ ಆಂಟಿವೈರಸ್ಸು ಹುಟ್ಟಿದ್ದು ಅಲ್ಲಿ. 1988ರಲ್ಲಿ, ಚೆಕೊಸ್ಲೊವಾಕಿಯದಲ್ಲಿ ಇನ್ನೂ ಕಮ್ಯುನಿಸ್ಟ್ ಆಡಳಿತವಿದ್ದಾಗ, ಪಾವೆಲ್ ಬೌದಿಶ್ ಎಂಬಾತನ ಕೈಗೆ ವೈರಸ್ಸಿದ್ದ ಫ್ಲಾಪಿಯೊಂದು ಸಿಕ್ಕಿತು. ‘ವಿಯೆನ್ನಾ’ ಎಂಬ ಆ ವೈರಸ್ಸನ್ನು ಬಿಡಿಸಿ, ತೆಗೆಯುವ ಪ್ರೋಗ್ರಾಮ್ ಬರೆದು, ಸಹೋದ್ಯೋಗಿ ಎಡುವಾರ್ಡ್ ಕುಚೆರಾನಿಗೆ ತೋರಿಸಿದ. ಖಾಸಗಿ ಕಂಪನಿ ಕಟ್ಟುವ ಹಾಗಿರಲಿಲ್ಲ. ಆದ್ದರಿಂದ ಇಬ್ಬರೂ ಸೇರಿ ಸಹಕಾರ ಸಂಘ ಮಾಡಿಕೊಂಡರು. ನಮ್ಮ ಹಾಲಿನ ಸೊಸೈಟಿಯ ಹಾಗೆ ವೈರಸ್ಸಿಗೊಂದು ಸೊಸೈಟಿ! ಮರುವರ್ಷ ಆಡಳಿತ ಬಿತ್ತು, 1991ರಲ್ಲಿ ಸೊಸೈಟಿ ಕಂಪನಿಯಾಯಿತು. ಅದರ ಸರಕೇ ‘ಅವಾಸ್ಟ್’. ಅದೇ ದೇಶದ ಬ್ರನೊ ನಗರದಲ್ಲಿ ಅದೇ ವರ್ಷ ಶುರುವಾದ ಇನ್ನೊಂದು ಕಂಪನಿಯದು ‘ಎವಿಜಿ’.

ಅಮೆರಿಕದ ದೊಡ್ಡ ಕಂಪನಿಗಳೆದುರು ಮಾರಾಟ ಕಷ್ಟವಾದಾಗ, 2001ರಲ್ಲಿ ಅವಾಸ್ಟ್‌ನವರು ಮನೆಬಳಕೆಗೆ ಪುಕ್ಕಟೆ ಎಂದು ಕೊಟ್ಟುಬಿಟ್ಟರು. ಬಾಯಿಂದ ಬಾಯಿಗೆ ಹರಡಿ ಬಳಸುವವರ ಸಂಖ್ಯೆ ಕೆಲವೇ ವರ್ಷಗಳಲ್ಲಿ ಕೋಟಿ ದಾಟಿತು. ನಮ್ಮಲ್ಲಿಗೂ ಬಂತು. ಸೈಬರ್ ಸೆಂಟರಿನಲ್ಲಿ, ಡಿಟಿಪಿ ಅಂಗಡಿಯಲ್ಲಿ ಇದ್ದಕ್ಕಿದ್ದಂತೆ ಒಂದು ಹೆಣ್ಣಿನ ದನಿ ‘ವೈರಸ್ ಡೇಟಾಬೇಸ್ ಹ್ಯಾಸ್ ಬೀನ್ ಅಪ್‌ಡೇಟೆಡ್’ ಎನ್ನುತ್ತಿದ್ದುದು ಆ ಕಾಲದವರಿಗೆಲ್ಲ ನೆನಪಿರಬೇಕು.

ಅದು ಪೆನ್‌ಡ್ರೈವಿನ ಕಾಲ. ಪ್ರಶ್ನೆಪತ್ರಿಕೆ, ಫಲಿತಾಂಶ ಪಟ್ಟಿ, ಸಂಬಳದ ಬಿಲ್ಲು ಎಲ್ಲವೂ ಆ ಬೆರಳುದ್ದದ ಕಡ್ಡಿಯಲ್ಲಿ ಶಾಲೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಓಡಾಡುತ್ತಿದ್ದವು. ಒಮ್ಮೆ ಪೂರ್ವಸಿದ್ಧತಾ ಪರೀಕ್ಷೆಯ ಹಿಂದಿನ ಸಂಜೆ ಅಂಗಡಿಯಿಂದ ವಾಪಸು ತಂದ ಪೆನ್‌ಡ್ರೈವನ್ನು ಚುಚ್ಚಿ ನೋಡಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ಟುಗಳಾಗಿ ಕೂತಿದ್ದವು. ನಮ್ಮ ಕನ್ನಡ ಪಂಡಿತರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಎರಡು ವಾರ ಕೂತು ಬೆರಳಚ್ಚು ಮಾಡಿಸಿದ್ದು ಅದರಲ್ಲಿತ್ತು. ಆ ಜಾತಿಯ ವೈರಸ್ಸು ಕಡತಗಳನ್ನು ಅಳಿಸುವುದಿಲ್ಲ, ಬಚ್ಚಿಡುತ್ತದೆ ಅಷ್ಟೇ. ಹಳೆಯ ವಿದ್ಯಾರ್ಥಿಯೊಬ್ಬ ಬಂದು ಹೊರತೆಗೆದುಕೊಟ್ಟ. ಹೋಗುವಾಗ ಪುಕ್ಕಟೆ ಆಂಟಿವೈರಸ್ಸೊಂದನ್ನು ಹಾಕಿಟ್ಟೂ ಹೋದ. ಅದರ ನಿಬಂಧನೆಯಲ್ಲಿ ‘ಮನೆಬಳಕೆಗೆ ಮಾತ್ರ’ ಎಂದಿತ್ತು. ಶಾಲೆ ಮನೆಯಲ್ಲವಲ್ಲ ಎಂದು ನಾನು ತೆಗೆಸಿಬಿಟ್ಟಾಗ, ಸ್ಟಾಫ್ ರೂಮಿನಲ್ಲಿ ನನ್ನನ್ನು ಆಡಿಟ್ ಇಲಾಖೆಯವಳೆಂದು ಕರೆದರು. ಇರಲಿ. ಮನೆಯವರಿಗೆ ಬಿಟ್ಟಿ, ಸಂಸ್ಥೆಗಳಿಗೆ ಬೆಲೆ ಎಂಬ ಆ ಸಾಲಿನ ಮೇಲೆಯೇ ಇಡೀ ವ್ಯವಹಾರ ನಿಂತಿತ್ತು. ನನ್ನ ಮಟ್ಟಿಗೆ ಅದು ನ್ಯಾಯವಾದ ವ್ಯವಹಾರವೇ.

ನ್ಯಾಯ ತಪ್ಪಿದ್ದು ಆಮೇಲೆ. ಎವಿಜಿಯವರು 2015ರಲ್ಲಿ, ನೀವು ಏನು ಹುಡುಕುತ್ತೀರಿ, ಯಾವ ಪುಟ ನೋಡುತ್ತೀರಿ ಎಂಬ ಮಾಹಿತಿಯಿಂದ ನಾವು ಹಣ ಮಾಡಬಹುದು ಎಂದು ತಮ್ಮ ನಿಬಂಧನೆಯಲ್ಲೇ ಬರೆದು ಬೈಸಿಕೊಂಡರು. ಹೇಳಿ ಮಾಡಿದವರಿಗೆ ಬೈಗುಳ ಸಿಕ್ಕಿತು. ಸದ್ದಿಲ್ಲದೆ ಮಾಡಿದವರದು ತಡವಾಗಿ ಹೊರಬಿತ್ತು. ಅವಾಸ್ಟ್‌ಗೆ ಸೇರಿದ ‘ಜಂಪ್‌ಶಾಟ್’ ಎಂಬ ಸಂಸ್ಥೆಯು ಬಳಕೆದಾರರು ಜಾಲದಲ್ಲಿ ನೋಡಿದ ಪುಟಗಳ ವಿವರವನ್ನು ನೂರಕ್ಕೂ ಹೆಚ್ಚು ಕಂಪನಿಗಳಿಗೆ ಮಾರಿತ್ತೆಂದು 2020ರ ಜನವರಿಯಲ್ಲಿ ಪತ್ರಿಕೆಗಳು ಬಯಲು ಮಾಡಿದವು. ಆ ತಿಂಗಳ ಕೊನೆಗೇ ಜಂಪ್‌ಶಾಟ್‌ಗೆ ಬಾಗಿಲು ಹಾಕಿದರು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರಲ್ಲಿ 1 ಕೋಟಿ 65 ಲಕ್ಷ ಡಾಲರ್ ಕಟ್ಟಿಸಿಕೊಂಡು, ಇನ್ನು ಮುಂದೆ ಜಾಹೀರಾತಿಗಾಗಿ ಇಂಥ ಮಾಹಿತಿ ಮಾರಕೂಡದೆಂದು ಆಜ್ಞೆ ಮಾಡಿತು.

ಹೆಸರು ತೆಗೆದೇ ಕೊಟ್ಟಿದ್ದೆವು ಎಂಬುದು ಕಂಪನಿಯ ಸಮಜಾಯಿಷಿ. ಆದರೆ ಪ್ರತಿ ಯಂತ್ರಕ್ಕೂ ಒಂದು ಗುರುತಿನ ಸಂಖ್ಯೆ ಇತ್ತು, ನೋಡಿದ ಹೊತ್ತು ಇತ್ತು. ನಮ್ಮ ಶಾಲೆಯ ಹಾಜರಿ ಪುಸ್ತಕದಲ್ಲಿ ಹೆಸರಿನ ಅಂಕಣವನ್ನು ಮುಚ್ಚಿ ಬರೀ ನಂಬರು, ಬಂದ ಹೊತ್ತು, ರಜೆಯ ದಿನ ತೋರಿಸಿದರೂ ಯಾರು ಯಾರೆಂದು ನಾನು ಹೇಳಬಲ್ಲೆ. ಹೆಂಗಸರ ಮಟ್ಟಿಗಂತೂ ಇದು ಸಣ್ಣ ಮಾತಲ್ಲ. ಡಾಕ್ಟರ ಹತ್ತಿರವೂ ಬಾಯಿಬಿಟ್ಟು ಹೇಳದ್ದನ್ನು ಈ ಯಂತ್ರದ ಮುಂದೆ ಟೈಪು ಮಾಡುತ್ತೇವೆ: ಮುಟ್ಟು ನಿಲ್ಲುವ ಕಾಲದ ತೊಂದರೆ, ಎದೆಯಲ್ಲಿ ಕಂಡ ಗಂಟು, ಮಗಳ ಸಂಸಾರದ ತಗಾದೆಗೆ ಕಾನೂನು ಏನು ಹೇಳುತ್ತದೆ, ಬ್ಯಾಂಕಿನ ಸಾಲ. ಅಡಿಗೆಮನೆಯಲ್ಲಿ ಬಾಗಿಲು ಹಾಕಿಕೊಂಡು ಆಡುವ ಮಾತು ಅದು. ಬಾಗಿಲು ಕಾಯಲು ಕೂರಿಸಿದವನೇ ಅದನ್ನು ಕೇಳಿಸಿಕೊಂಡು ಸಂತೆಯಲ್ಲಿ ಮಾರುತ್ತಿದ್ದ ಎಂದು ಗೊತ್ತಾದ ದಿನ ನನಗೆ ಸಿಟ್ಟಿಗಿಂತ ಹೆಚ್ಚಾಗಿ ಹೇಸಿಗೆಯಾಯಿತು.

ಹಾಗಾದರೆ ಅದನ್ನು ಬಿಟ್ಟು ಇನ್ನೊಂದನ್ನು ಹಾಕಿಕೊಳ್ಳೋಣವೆಂದರೆ ಇನ್ನೊಂದು ತೊಡಕು. 2016ರಲ್ಲಿ ಎವಿಜಿಯನ್ನು ಅವಾಸ್ಟ್ 130 ಕೋಟಿ ಡಾಲರಿಗೆ ಕೊಂಡಿತು. ಜರ್ಮನಿಯ ‘ಅವೀರಾ’ ನಾರ್ಟನ್ ಕಂಪನಿಯ ಪಾಲಾಯಿತು. 2022ರಲ್ಲಿ ನಾರ್ಟನ್ನೂ ಅವಾಸ್ಟೂ ಒಂದಾಗಿ ‘ಜೆನ್ ಡಿಜಿಟಲ್’ ಎಂಬ ಹೆಸರಿಟ್ಟುಕೊಂಡವು. ಅಂಗಡಿಯ ಮುಂದೆ ಬೋರ್ಡು ಬೇರೆ ಬೇರೆ, ಗಲ್ಲಾಪೆಟ್ಟಿಗೆ ಒಂದೇ. ರೊಮೇನಿಯದ ಬಿಟ್‌ಡಿಫೆಂಡರ್‌ನದೂ ಒಂದು ಪುಕ್ಕಟೆ ಆವೃತ್ತಿ ಇದೆ. ಅದು ಹಣ ತೆತ್ತು ಕೊಳ್ಳುವ ಆವೃತ್ತಿಗೆ ಬಾ ಬಾ ಎಂದು ಕರೆಯುತ್ತದೆ, ಅಷ್ಟನ್ನು ಸಹಿಸಬಹುದು.

ನಾನು ಹೇಳುವ ಹೆಸರು ಮಾತ್ರ ತೀರಾ ಸಪ್ಪೆಯದು: ವಿಂಡೋಸಿನೊಳಗೇ ಇರುವ ಡಿಫೆಂಡರ್. ಮೈಕ್ರೋಸಾಫ್ಟ್ 2006ರಲ್ಲಿ ಒಂದು ಆಂಟಿವೈರಸ್ಸನ್ನು ಬೆಲೆಗೇ ಮಾರಲು ಹೋಗಿ ಗೆಲ್ಲದೆ, 2009ರ ಸೆಪ್ಟೆಂಬರಿನಲ್ಲಿ ‘ಸೆಕ್ಯುರಿಟಿ ಎಸೆನ್ಷಿಯಲ್ಸ್’ ಎಂದು ಪುಕ್ಕಟೆಯಾಗಿ ಕೊಟ್ಟಿತು; 2012ರ ವಿಂಡೋಸ್ 8ರಿಂದ ಅದು ಡಿಫೆಂಡರ್ ಎಂಬ ಹೆಸರಿನಲ್ಲಿ ಒಳಗೇ ಸೇರಿ ಬರತೊಡಗಿತು. ಇದಕ್ಕೆ ದುಡ್ಡು ಕೊಟ್ಟವರು ಯಾರು? ವಿಂಡೋಸ್ ಕೊಂಡಾಗ ನಾವೇ. ವಿಂಡೋಸಿಗೆ ಕೆಟ್ಟ ಹೆಸರು ಬರಬಾರದೆಂಬುದು ಅವರ ಸ್ವಾರ್ಥ. ಆ ಸ್ವಾರ್ಥ ನನಗೆ ಅರ್ಥವಾಗುತ್ತದೆ, ಆದ್ದರಿಂದ ನಂಬುತ್ತೇನೆ. ಮೊದಮೊದಲು ಅದು ಪರೀಕ್ಷೆಯಲ್ಲಿ ಹಿಂದೆ ಬೀಳುತ್ತಿತ್ತು ನಿಜ. 2012ರ ಕೊನೆಯಲ್ಲಿ ಜರ್ಮನಿಯ ಎವಿ-ಟೆಸ್ಟ್ ಎಂಬ ಪರೀಕ್ಷಾಲಯ ಸೆಕ್ಯುರಿಟಿ ಎಸೆನ್ಷಿಯಲ್ಸನ್ನು ಪಾಸು ಮಾಡಲಿಲ್ಲ. ಆಮೇಲೆ ಸುಧಾರಿಸಿಕೊಂಡು ಡಿಫೆಂಡರ್ ಅದೇ ಪರೀಕ್ಷೆಯಲ್ಲಿ ಪೂರ್ಣಾಂಕ ತೆಗೆದದ್ದೂ ಉಂಟು. ಹಿಂದಿನ ಬೆಂಚಿನಿಂದ ಮುಂದೆ ಬಂದವರ ಮೇಲೆ ಮೇಷ್ಟರಿಗೆ ಇರುವ ಪ್ರೀತಿ ಗೊತ್ತೇ ಇದೆಯಲ್ಲ.

ಹೊಸ ಲ್ಯಾಪ್‌ಟಾಪಿನಲ್ಲಿ ಅಂಗಡಿಯಿಂದಲೇ ಬಂದ ತಿಂಗಳ ಲೆಕ್ಕದ ಆಂಟಿವೈರಸ್ ಇದ್ದರೆ, ಮುಂದಕ್ಕೆ ದುಡ್ಡು ಕಟ್ಟುವ ಮನಸ್ಸಿಲ್ಲದವರು ಅದನ್ನು ತೆಗೆದುಹಾಕಬೇಕು. ಅದಿರುವಷ್ಟು ಕಾಲ ಡಿಫೆಂಡರ್ ಪಕ್ಕಕ್ಕೆ ಸರಿದು ನಿಂತಿರುತ್ತದೆ. ಒಂದರ ಮೇಲೊಂದು ಎರಡು ಹಾಕುವುದೂ ಬೇಡ. ವಿಂಡೋಸ್ 10 ಇಟ್ಟುಕೊಂಡವರಿಗೆ ಬೇರೆಯೇ ಚಿಂತೆ: ಅದರ ಸಾಮಾನ್ಯ ದುರಸ್ತಿ 2025ರ ಅಕ್ಟೋಬರ್ 14ಕ್ಕೆ ನಿಂತಿದೆ. ಬಾಗಿಲಲ್ಲಿ ಕಾವಲಿನವನಿದ್ದರೂ ಗೋಡೆಯ ಬಿರುಕಿಗೆ ಗಾರೆ ಹಾಕುವವರಿಲ್ಲ. ಯಂತ್ರಕ್ಕೆ ಏನಾದರೂ ಹೊಕ್ಕಿದೆಯೆಂಬ ಅನುಮಾನ ಬಂದರೆ, ಭಾರತ ಸರ್ಕಾರ 2017ರಲ್ಲಿ ತೆರೆದ ಸೈಬರ್ ಸ್ವಚ್ಛತಾ ಕೇಂದ್ರದ ಜಾಲತಾಣದಲ್ಲಿ ತೊಳೆಯುವ ಸಾಧನಗಳನ್ನು ಧರ್ಮಕ್ಕೇ ಇಟ್ಟಿದ್ದಾರೆ. ಮೊದಲು ಅವನ್ನು ಒದಗಿಸಿದ್ದು ಅದೇ ಪುಣೆಯ ಕ್ವಿಕ್ ಹೀಲ್.

ಈಚೆಗೆ ಪ್ರಶ್ನೆ ಬದಲಾಗಿದೆ. ‘ಮೇಡಂ, ಮೊಬೈಲಿಗೆ ಯಾವುದು ಹಾಕ್ಲಿ?’ ಆಂಡ್ರಾಯ್ಡಿನೊಳಗೆ ಪ್ಲೇ ಪ್ರೊಟೆಕ್ಟ್ ಎಂಬುದು ಮೊದಲೇ ಇದೆ, ಅದನ್ನು ಆರಿಸದಿದ್ದರೆ ಸಾಕು ಎನ್ನುತ್ತೇನೆ. ಕಳೆದ ಮದುವೆ ಕಾಲದಲ್ಲಿ ನಮ್ಮ ನಿವೃತ್ತ ಹೆಡ್‌ಮಾಸ್ತರೊಬ್ಬರಿಗೆ ಗೊತ್ತಿಲ್ಲದ ನಂಬರಿನಿಂದ ವಾಟ್ಸಾಪಿನಲ್ಲಿ ಲಗ್ನಪತ್ರಿಕೆ ಬಂತು. ಮುಟ್ಟಿದರೆ ಚಿತ್ರ ತೆರೆಯಲಿಲ್ಲ; ಆ್ಯಪ್ ಹಾಕಿಕೊಳ್ಳಲು ಅನುಮತಿ ಕೇಳಿತು. ಲಗ್ನಪತ್ರಿಕೆ ಎಂದಾದರೂ ಅನುಮತಿ ಕೇಳುತ್ತದೆಯೇ ಎಂದು ಅವರಿಗೆ ಅನುಮಾನ ಬಂದು ನನಗೆ ಫೋನ್ ಮಾಡಿದರು. ಕಡತದ ಹೆಸರಿನ ಕೊನೆಗೆ ಏನಿದೆ ಓದಿ ಸಾರ್ ಅಂದೆ. ‘ಎ, ಪಿ, ಕೆ’ ಎಂದು ಒಂದೊಂದೇ ಅಕ್ಷರ ಓದಿದರು. ಅಳಿಸಿಬಿಡಿ ಅಂದೆ. ‘ಅಳಿಸ್ತೀನಮ್ಮ, ಆದರೆ ಮದುವೆ ಯಾರದ್ದಿರಬಹುದು?’ ಎಂದು ಕೇಳಿದರು.