ನಮ್ಮ ಎರಿ ಮಣ್ಣು ಇಂಗ್ಲಿಷ್ ನಿಘಂಟಿನೊಳಗೆ

ಇಂಗ್ಲಿಷ್‌ನಲ್ಲಿ ಚೆನ್ನಾಗಿ ಬರೀಬೇಕು ಅನ್ನೋರು ಅಪರೂಪದ ಪದಗಳನ್ನ ಕೂಡಿಹಾಕ್ತಾರೆ. ನನ್ನ ಫೋನಿನಲ್ಲೂ ಅಂಥದ್ದೊಂದು ಪಟ್ಟಿ ಇದೆ. ಅದರ ಮೊದಲ ಎರಡು ಪದಗಳ ಅರ್ಥ ತಿಳಿಯೋಕೆ ದೂರ ಹೋಗಬೇಕಿಲ್ಲ. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಯಾವುದಾದರೂ ಹೊಲದಲ್ಲಿ ನಿಂತರೆ ಸಾಕು.

ಮೊದಲನೆಯದು ‘ದೋಆಬ್’. ಪಾರ್ಸಿಯಲ್ಲಿ ದೋ ಅಂದ್ರೆ ಎರಡು, ಆಬ್ ಅಂದ್ರೆ ನೀರು. ಎರಡು ನದಿಗಳ ನಡುವಿನ ನೆಲ. ನಮಗೆ ಉತ್ತರಕ್ಕೆ ಕೃಷ್ಣಾ, ದಕ್ಷಿಣಕ್ಕೆ ತುಂಗಭದ್ರಾ. ಈ ನೆಲಕ್ಕಾಗಿ ವಿಜಯನಗರ ಮತ್ತು ಬಹಮನಿ ಅರಸರು ತಲೆಮಾರುಗಟ್ಟಲೆ ಕಾದಾಡಿದರು. ಇಂಗ್ಲಿಷ್ ಚರಿತ್ರೆ ಪುಸ್ತಕಗಳಲ್ಲೂ ಇದು ರಾಯಚೂರು ದೋಆಬ್ ಅಂತಲೇ ಉಳೀತು.

ಎರಡನೆಯದು ‘ರೇಗರ್’. ಅದು ನಮ್ಮ ಎರಿ ಮಣ್ಣೇ. ಮಳೆ ಬಿದ್ದರೆ ಕಾಲಿಗೆ ಮೆತ್ತಿಕೊಳ್ಳುತ್ತೆ, ಬೇಸಿಗೆಯಲ್ಲಿ ಬಾಯಿ ಬಿಡುತ್ತೆ. ದಖನಿ ಮಾತಿನಿಂದ ಇಂಗ್ಲಿಷ್‌ಗೆ ಹೋದ ಈ ಪದ ಭೂವಿಜ್ಞಾನದ ಪುಸ್ತಕಗಳಲ್ಲಿ ಈಗಲೂ ಸಿಗುತ್ತೆ.

ಈ ಎರಡೂ ಪದ 1886ರ ‘ಹಾಬ್ಸನ್-ಜಾಬ್ಸನ್’ ನಿಘಂಟಿನಲ್ಲಿವೆ. ಭಾರತದಿಂದ ಇಂಗ್ಲಿಷ್‌ಗೆ ಹೋದ ಪದಗಳನ್ನ ಹೆನ್ರಿ ಯೂಲ್ ಮತ್ತು ಆರ್ಥರ್ ಬರ್ನೆಲ್ ಪತ್ರ ಬರೆದುಕೊಳ್ಳುತ್ತಲೇ ಕೂಡಿಸಿದರು. ಪುಸ್ತಕ ಬರುವ ಮುಂಚೆ, 1882ರಲ್ಲೇ, ಬರ್ನೆಲ್ ತೀರಿಕೊಂಡರು. ಅವರ ಕ್ರಮ ನೋಡ್ರಿ: ಅರ್ಥ ಕೊಟ್ಟು ಕೈ ತೊಳೆದುಕೊಳ್ಳಲಿಲ್ಲ. ಹಳೆಯ ಪ್ರವಾಸಿಗಳು, ವ್ಯಾಪಾರಿಗಳು ಆ ಪದವನ್ನ ಯಾವ ವರ್ಷ, ಯಾವ ಸಾಲಿನಲ್ಲಿ ಬಳಸಿದರು ಅನ್ನೋದನ್ನೂ ಜೊತೆಗಿಟ್ಟರು.

ಅದು ಯಾಕೆ ಬೇಕು? ‘ಥಗ್’ ಅನ್ನೋ ಪದ ತಗೊಳ್ರಿ. ಲಿಂಗಸುಗೂರಿನಲ್ಲಿ ಅಧಿಕಾರಿಯಾಗಿದ್ದ ಫಿಲಿಪ್ ಮೆಡೋಸ್ ಟೇಲರ್ ಅದಕ್ಕೂ ಮುಂಚೆ, 1839ರಲ್ಲಿ, ಥಗ್ಗರ ಮೇಲೆ ಕಾದಂಬರಿ ಬರೆದ. ಆ ಪದ ಇಂಗ್ಲೆಂಡಿನ ಮನೆಮನೆಗೆ ಮುಟ್ಟಲು ಅದೂ ಒಂದು ಕಾರಣ. ದಾರಿಹೋಕರ ಜೊತೆ ಸ್ನೇಹ ಬೆಳೆಸಿ ಕೊಲ್ಲುವವರು ಅನ್ನೋದು ಆಗಿನ ಅರ್ಥ. ಈಗ ಬೀದಿಯ ಯಾವ ಪುಂಡನಾದರೂ ಥಗ್. ಹಿಂದಿನ ಕಥೆ ಕಳಚಿಬಿತ್ತು, ಪದ ತೆಳುವಾಯ್ತು.

ಪದ ಇರುವ ಜಾಗ ಎಷ್ಟು ಮುಖ್ಯ ಅನ್ನೋದಕ್ಕೆ ಮಸ್ಕಿಯ ಬಂಡೆಗಿಂತ ದೊಡ್ಡ ಸಾಕ್ಷಿ ಬೇಡ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಅನ್ನೋ ಬಿರುದು. ಅವನೇ ಅಶೋಕ ಅಂತ ಶ್ರೀಲಂಕಾದ ಗ್ರಂಥಗಳ ಆಧಾರದಿಂದ ವಿದ್ವಾಂಸರು ಹೇಳಿದ್ದರು. 1915ರಲ್ಲಿ ಚಿನ್ನದ ಗಣಿ ಇಂಜಿನಿಯರ್ ಬೀಡನ್ ಮಸ್ಕಿಯ ಶಾಸನ ಪತ್ತೆ ಮಾಡಿದ. ಎಚ್. ಕೃಷ್ಣಶಾಸ್ತ್ರಿ ಅದನ್ನ ಓದಿ ಪ್ರಕಟಿಸಿದರು. ಅದರಲ್ಲಿ ‘ದೇವಾನಾಂಪ್ರಿಯ’ದ ಪಕ್ಕದಲ್ಲೇ ‘ಅಶೋಕ’ ಅಂತಿತ್ತು. ಆ ಹೆಸರು ಒಂಟಿಯಾಗಿ ಸಿಕ್ಕಿದ್ದರೆ ಏನೂ ಸಾಬೀತಾಗ್ತಿರಲಿಲ್ಲ. ಬಿರುದಿನ ಪಕ್ಕದಲ್ಲಿ ಇದ್ದದ್ದಕ್ಕೇ ಒಗಟು ಬಿಡಿಸಿತು.

ಅದಕ್ಕೇ ನನ್ನ ಪಟ್ಟಿಯಲ್ಲಿ ಪ್ರತಿ ಪದದ ಮುಂದೆ ಮೂರು ಮಾತು ಬರೀತೀನಿ: ಎಲ್ಲಿ ಸಿಕ್ತು, ಯಾರು ಬಳಸಿದ್ದು, ಯಾವ ವಸ್ತುವಿಗೆ. ನಿಮ್ಮೂರಿನ ಬಗ್ಗೆ ಇಂಗ್ಲಿಷ್‌ನಲ್ಲಿ ಬರೆಯುವಾಗ ‘ರೇಗರ್’ ಬಳಸಿ, ಒಂದು ಸಾಲಿನಲ್ಲಿ ಆ ಮಣ್ಣು ಹೇಗಿರುತ್ತೆ ಹೇಳ್ರಿ. ಜೊತೆಗೆ ಈ ವಾರ ಮನೆಯ ಹಿರಿಯರನ್ನ ಕೇಳ್ರಿ: ಎರಿ, ಮಸಾರಿ ಬಿಟ್ಟು ಮಣ್ಣಿಗೆ ನಮ್ಮಲ್ಲಿ ಇನ್ನೆಷ್ಟು ಹೆಸರಿವೆ ಅಂತ. ಅವರ ಮಾತನ್ನ ಅವರದೇ ದನಿಯಲ್ಲಿ ರೆಕಾರ್ಡ್ ಮಾಡಿಕೊಳ್ರಿ.