ಸೌರಕೋಶ ಸಂಶೋಧನೆಯಲ್ಲಿ ವಿಶ್ವವಿದ್ಯಾಲಯಗಳ ಸಹಯೋಗ: ಪರ್ಕ್ ಕೋಶದ ಚರಿತ್ರೆಯಿಂದ ಕೆಲವು ವಿಚಾರಗಳು

ಸೌರಕೋಶದ ಚರಿತ್ರೆಯನ್ನು ದಕ್ಷತೆಯ ದಾಖಲೆಗಳ ಚರಿತ್ರೆಯಾಗಿ ಬರೆಯುವುದು ರೂಢಿ. 1954ರಲ್ಲಿ ಬೆಲ್ ಪ್ರಯೋಗಾಲಯದ ಸಿಲಿಕಾನ್ ಕೋಶ ಬಿಸಿಲಿನ ಶೇ. 6ರಷ್ಟನ್ನು ವಿದ್ಯುತ್ತಾಗಿ ಪರಿವರ್ತಿಸಿತು. 1985ರಲ್ಲಿ ಸಿಡ್ನಿಯ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದ ಕೋಶ ಶೇ. 20ನ್ನು ಮುಟ್ಟಿತು, 1999ರಲ್ಲಿ ಅದೇ ಪ್ರಯೋಗಾಲಯ ಶೇ. 24.7ರವರೆಗೆ ಹೋಯಿತು. ಈ ಬಗೆಯ ನಿರೂಪಣೆಯಲ್ಲಿ ಒಂದು ಪ್ರಶ್ನೆ ತಪ್ಪಿಹೋಗುತ್ತದೆ. ದಾಖಲೆ ಮಾಡಿದ ಕೋಶಗಳ ಪೈಕಿ ಯಾವುದು ಕಾರ್ಖಾನೆಗೆ ಬಂತು, ಹೇಗೆ ಬಂತು? ಪರ್ಕ್ ಎಂದು ಹೆಸರಾದ ಕೋಶದ ಮಟ್ಟಿಗೆ ಉತ್ತರ ಸ್ಪಷ್ಟವಾಗಿದೆ. ಅದನ್ನು ಕಾರ್ಖಾನೆಗೆ ಒಯ್ದವರು ವಿದ್ಯಾರ್ಥಿಗಳು. ಹಾಗಾಗಿ ಸಹಯೋಗದಲ್ಲಿ ಬೋಧನೆಯನ್ನು ಸಂಶೋಧನೆಯ ಬಾಲವೆಂದು ಎಣಿಸುವ ನಮ್ಮ ಯೋಜನಾ ಪದ್ಧತಿ ತಿದ್ದುಪಡಿ ಬೇಡುತ್ತದೆ ಎಂಬುದು ಈ ಲೇಖನದ ವಾದ.

ಮೊದಲು ಕೋಶದ ರಚನೆಯನ್ನು ನೋಡೋಣ. ಹಳೆಯ ಮಾದರಿಯ ಸಿಲಿಕಾನ್ ಕೋಶದ ಬೆನ್ನಿಗೆ ಅಲ್ಯೂಮಿನಿಯಂ ಲೇಪವನ್ನು ಪೂರ್ತಿಯಾಗಿ ಬಳಿದು, ಸುಮಾರು 800 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು ಅಂಟಿಸುತ್ತಿದ್ದರು. ವಿದ್ಯುತ್ತನ್ನು ಹೊರತರಲು ಲೋಹ ಬೇಕೇ ಬೇಕು. ಆದರೆ ಲೋಹ ತಾಗಿದಲ್ಲೆಲ್ಲ ಬೆಳಕು ಹುಟ್ಟಿಸಿದ ಇಲೆಕ್ಟ್ರಾನುಗಳು ಹೊರಗೆ ಬರುವ ಮೊದಲೇ ರಂಧ್ರಗಳೊಂದಿಗೆ ಕೂಡಿ ನಷ್ಟವಾಗುತ್ತವೆ. ಸಿಡ್ನಿಯ ಅದೇ ವಿಶ್ವವಿದ್ಯಾಲಯದ ಮಾರ್ಟಿನ್ ಗ್ರೀನ್ ಅವರ ತಂಡ 1980ರ ದಶಕದಲ್ಲಿ ಕಂಡುಕೊಂಡ ಉಪಾಯ ಸರಳವಾದದ್ದು. ಬೆನ್ನಿನ ಬಹುಭಾಗವನ್ನು ತೆಳುವಾದ ನಿರೋಧಕ ಪದರದಿಂದ ಮುಚ್ಚಿ, ಅಲ್ಲಲ್ಲಿ ಸಣ್ಣ ಕಿಂಡಿಗಳಲ್ಲಿ ಮಾತ್ರ ಲೋಹ ಸಿಲಿಕಾನನ್ನು ಮುಟ್ಟುವಂತೆ ಮಾಡುವುದು. 1989ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ಈ ಪರ್ಕ್ ಕೋಶದ ದಕ್ಷತೆ ಶೇ. 22.8. ಲೇಖಕರಲ್ಲಿ ಆಂಡ್ರ್ಯೂ ಬ್ಲೇಕರ್ಸ್ ಅವರೊಂದಿಗೆ ಚೀನಾದಿಂದ ಬಂದ ಐಹುವಾ ವಾಂಗ್ ಮತ್ತು ಜಿಯಾನ್‌ಹುವಾ ಝಾವ್ ಇದ್ದರು. ಗ್ರೀನ್ ಸೇರಿ ಈ ನಾಲ್ವರಿಗೆ 2023ರಲ್ಲಿ ಕ್ವೀನ್ ಎಲಿಜಬೆತ್ ಎಂಜಿನಿಯರಿಂಗ್ ಪ್ರಶಸ್ತಿ ಸಂದಿತು.

ಪ್ರಬಂಧಕ್ಕೂ ಪ್ರಶಸ್ತಿಗೂ ನಡುವೆ ಮೂವತ್ತು ವರ್ಷಕ್ಕೂ ಮಿಗಿಲಾದ ಅಂತರವಿದೆ. ಇಷ್ಟು ತಡವಾದದ್ದೇಕೆ? ಸಿಡ್ನಿಯ ದಾಖಲೆ ಕೋಶಗಳ ವಿಸ್ತೀರ್ಣ ಸುಮಾರು 4 ಚದರ ಸೆಂಟಿಮೀಟರ್, ಅಂದರೆ ಅಂಚೆಚೀಟಿಯಷ್ಟು. ಅತ್ಯಂತ ಶುದ್ಧವಾದ ಸಿಲಿಕಾನ್, ಬೆಳಕಿನಿಂದ ಅಚ್ಚೊತ್ತುವ ಹಲವು ಹಂತಗಳು, ಚಿಪ್ ತಯಾರಿಕೆಯ ಮಟ್ಟದ ಶುಚಿತ್ವ. ಪರ್ಕ್ ಬರುವ ಹೊತ್ತಿನ ಕಾರ್ಖಾನೆಯ ಕೋಶವಾದರೋ ಸುಮಾರು 243 ಚದರ ಸೆಂಟಿಮೀಟರ್, ಅಗ್ಗದ ಸಿಲಿಕಾನ್, ಲೇಪವನ್ನು ಜಾಲರಿಯ ಮೂಲಕ ಒತ್ತುವ ಯಂತ್ರ. ಈ ಅರವತ್ತು ಪಟ್ಟು ಅಂತರವನ್ನು ದಾಟಲು ಬೇಕಾದ ಒಂದು ಮುಖ್ಯ ವಸ್ತು ಸಿಡ್ನಿಯಲ್ಲಿ ಇರಲಿಲ್ಲ. ಅದು ಬಂದದ್ದು ಇನ್ನೊಂದು ಸಹಯೋಗದಿಂದ. ನೆದರ್ಲೆಂಡ್ಸಿನ ಐಂಡ್‌ಹೋವನ್ ತಾಂತ್ರಿಕ ವಿಶ್ವವಿದ್ಯಾಲಯದವರು ಪರಮಾಣು ಪದರಗಳನ್ನು ಒಂದೊಂದಾಗಿ ಕೂರಿಸುವ ವಿಧಾನದಲ್ಲಿ ಅಲ್ಯೂಮಿನಿಯಂ ಆಕ್ಸೈಡನ್ನು ಸಿದ್ಧಪಡಿಸುವುದರಲ್ಲಿ ನಿಪುಣರು. ಕೋಶ ತಯಾರಿಕೆ ಜರ್ಮನಿಯ ಹಾಮೆಲಿನ್ ಸೌರಶಕ್ತಿ ಸಂಸ್ಥೆಯವರ ಕಸುಬು. ಅಲ್ಯೂಮಿನಿಯಂ ಆಕ್ಸೈಡಿನಲ್ಲಿ ಋಣ ವಿದ್ಯುದಂಶ ಸ್ಥಿರವಾಗಿ ನೆಲೆಸಿರುತ್ತದೆ. ಪಿ ಬಗೆಯ ಸಿಲಿಕಾನಿನ ಬೆನ್ನಿಗೆ ಅದನ್ನು ಹೊದಿಸಿದರೆ ಇಲೆಕ್ಟ್ರಾನುಗಳು ಮೇಲ್ಮೈಯಿಂದ ದೂರ ತಳ್ಳಲ್ಪಟ್ಟು ನಷ್ಟ ತಗ್ಗುತ್ತದೆ. 2008ರಲ್ಲಿ ಎರಡೂ ತಂಡಗಳು ಸೇರಿ ಇಂಥ ಕೋಶ ಶೇ. 20.6ರಷ್ಟು ದಕ್ಷತೆ ಕೊಡುವುದನ್ನು ತೋರಿಸಿದವು. ದಾಖಲೆಯ ದೃಷ್ಟಿಯಿಂದ ಇದು ಹಿಂದಿನದಕ್ಕಿಂತ ಕಡಿಮೆ. ಆದರೆ ಕಾರ್ಖಾನೆಯ ದಾರಿ ತೆರೆದದ್ದು ಈ ಕಡಿಮೆ ಅಂಕಿಯ ಕೋಶವೇ. ದಾಖಲೆಗಳ ಪಟ್ಟಿಯನ್ನಷ್ಟೇ ಓದುವವರ ಕಣ್ಣಿಗೆ ಇದು ಬೀಳುವುದೇ ಇಲ್ಲ. ಐಂಡ್‌ಹೋವನ್ನಿನಲ್ಲಿ ಈ ವಿಷಯದಲ್ಲೇ ಡಾಕ್ಟರೇಟ್ ಪಡೆದ ಬ್ರಾಮ್ ಹೂಕ್ಸ್ ಮುಂದೆ ಸಿಂಗಪುರದ ಸೌರಶಕ್ತಿ ಸಂಶೋಧನಾ ಸಂಸ್ಥೆಗೆ, ಅಲ್ಲಿಂದ ಸಿಡ್ನಿಗೆ ಹೋದರು. ಪದರ ಹೊದಿಸುವ ವಿದ್ಯೆಯೂ ಅವರೊಂದಿಗೆ ಹೋಯಿತು.

ಕಾರ್ಖಾನೆಯ ಕಡೆಗೂ ಇದೇ ಬಗೆಯ ಪಯಣ ನಡೆದಿತ್ತು. ಗ್ರೀನ್ ಅವರ ಮಾರ್ಗದರ್ಶನದಲ್ಲಿ 1992ರಲ್ಲಿ ಡಾಕ್ಟರೇಟ್ ಪಡೆದ ಶಿ ಝೆಂಗ್‌ರಾಂಗ್ 2001ರಲ್ಲಿ ಚೀನಾದ ವೂಶಿಯಲ್ಲಿ ಸನ್‌ಟೆಕ್ ಕಂಪನಿ ಕಟ್ಟಿದರು. 2005ರಲ್ಲಿ ಅದು ನ್ಯೂಯಾರ್ಕ್ ಷೇರುಪೇಟೆ ಸೇರಿತು, 2013ರಲ್ಲಿ ದಿವಾಳಿಯೂ ಆಯಿತು. ಝಾವ್ ಕೂಡ ಚೀನಾದ ಮತ್ತೊಂದು ಕಂಪನಿಗೆ ಸೇರಿದರು. ಸನ್‌ಟೆಕ್ ಮುಳುಗಿದರೂ ಅಲ್ಲಿ ಪಳಗಿದವರು ಮುಳುಗಲಿಲ್ಲ. 2020ರ ಹೊತ್ತಿಗೆ ಜಗತ್ತಿನಲ್ಲಿ ತಯಾರಾಗುತ್ತಿದ್ದ ಕೋಶಗಳಲ್ಲಿ ಹೆಚ್ಚಿನವು ಪರ್ಕ್ ಮಾದರಿಯವಾಗಿದ್ದವು. ಸಿಡ್ನಿಯ ವಿಶ್ವವಿದ್ಯಾಲಯ 2000ದಲ್ಲೇ ಸೌರಕೋಶ ಎಂಜಿನಿಯರಿಂಗಿನಲ್ಲಿ ಸ್ನಾತಕ ಪದವಿ ತೆರೆದಿತ್ತು. ಸ್ಟುವರ್ಟ್ ವೆನ್‌ಹ್ಯಾಮ್ ಮತ್ತು ಗ್ರೀನ್ ಇತರರೊಡನೆ ಬರೆದ ಪಠ್ಯಪುಸ್ತಕ ಪ್ರಪಂಚದ ಎಷ್ಟೋ ತರಗತಿಗಳಿಗೆ ಆಧಾರವಾಯಿತು. ಕೋಶ ಮಾಡುವ ಕೈಯೇ ಪಾಠವನ್ನೂ ಬರೆದದ್ದರಿಂದ ಆ ಪಾಠಕ್ಕೆ ಕುಲುಮೆಯ ಅನುಭವದ ತೂಕವಿತ್ತು.

ಅಳತೆಯ ವಿಚಾರವೂ ಇಲ್ಲಿ ಪ್ರಸ್ತುತ. ಸೆಕೆಂಡಿಗೆ, ಕಿಲೋಗ್ರಾಮಿಗೆ ಇರುವಂತೆ ಬಿಸಿಲಿಗೂ ಒಂದು ಒಪ್ಪಿತ ಮಾನ ಬೇಕು: ಚದರ ಮೀಟರಿಗೆ 1000 ವ್ಯಾಟ್, ಕೋಶದ ಉಷ್ಣತೆ 25 ಡಿಗ್ರಿ, ನಿಗದಿತ ವರ್ಣಪಟಲ. 1993ರಿಂದ ವರ್ಷಕ್ಕೆ ಎರಡು ಬಾರಿ ಪ್ರಕಟವಾಗುವ ದಕ್ಷತಾ ಕೋಷ್ಟಕಗಳನ್ನು ಗ್ರೀನ್ ಅವರೊಂದಿಗೆ ಅಮೆರಿಕ, ಜರ್ಮನಿ, ಜಪಾನಿನ ಮಾಪನ ಕೇಂದ್ರಗಳ ವಿಜ್ಞಾನಿಗಳು ಸೇರಿ ಸಿದ್ಧಪಡಿಸುತ್ತಾ ಬಂದಿದ್ದಾರೆ. ವರ್ಣಪಟಲದ ಮಾನ ಪರಿಷ್ಕಾರಗೊಂಡಾಗ 1999ರ ಕೋಶದ ಶೇ. 24.7 ಎಂಬ ಅಂಕಿ ಶೇ. 25.0 ಆಯಿತು. ಕೋಶ ಹಳೆಯದೇ, ಅದರಲ್ಲಿ ಯಾವ ಬದಲಾವಣೆಯೂ ಇಲ್ಲ. ಹೊಸದಾಗಿ ಈ ಕ್ಷೇತ್ರಕ್ಕೆ ಬರುವ ವಿದ್ಯಾರ್ಥಿಗೆ ಮೊದಲ ತಿಂಗಳಲ್ಲೇ ಕಲಿಸಬೇಕಾದ ಪಾಠ ಇದು ಎಂದು ನನ್ನ ಅಭಿಪ್ರಾಯ.

ಭಾರತದ ಅನುಭವಕ್ಕೆ ಬಂದರೆ ಎರಡು ಪ್ರಯತ್ನಗಳು ಮುಖ್ಯ. 2012ರಲ್ಲಿ ಆಯ್ಕೆಯಾದ ಭಾರತ–ಅಮೆರಿಕ ಸೌರಶಕ್ತಿ ಸಂಶೋಧನಾ ಸಂಸ್ಥೆಯ ನೇತೃತ್ವವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಅಮೆರಿಕದ ರಾಷ್ಟ್ರೀಯ ನವೀಕರಿಸಬಹುದಾದ ಶಕ್ತಿ ಪ್ರಯೋಗಾಲಯ ಜಂಟಿಯಾಗಿ ವಹಿಸಿದವು. ಕಮಾನಿಯೊ ಚಟ್ಟೋಪಾಧ್ಯಾಯ ಮತ್ತು ಡೇವಿಡ್ ಗಿನ್ಲಿ ಅದರ ನಿರ್ದೇಶಕರಾಗಿದ್ದರು. ಸೌರಕೋಶ, ಕೇಂದ್ರೀಕೃತ ಸೌರತಾಪ, ವಿದ್ಯುತ್ ಜಾಲಕ್ಕೆ ಜೋಡಣೆ ಎಂಬ ಮೂರು ಕವಲುಗಳಲ್ಲಿ ಎರಡೂ ದೇಶಗಳ ವಿಶ್ವವಿದ್ಯಾಲಯಗಳು, ಉದ್ಯಮಗಳು ಕೂಡಿದವು. ಅದಕ್ಕೂ ಮೊದಲು, 2010ರಲ್ಲಿ, ಐಐಟಿ ಬಾಂಬೆಯಲ್ಲಿ ರಾಷ್ಟ್ರೀಯ ಸೌರಕೋಶ ಸಂಶೋಧನೆ ಮತ್ತು ಶಿಕ್ಷಣ ಕೇಂದ್ರ ಆರಂಭವಾಯಿತು. ಹೆಸರಿನಲ್ಲೇ ಶಿಕ್ಷಣಕ್ಕೆ ಜಾಗ ಕೊಟ್ಟ ಈ ಕೇಂದ್ರ ಎಂಜಿನಿಯರಿಂಗ್ ಕಾಲೇಜುಗಳ ಅಧ್ಯಾಪಕರಿಗೆ ದೂರಪಾಠ ನಡೆಸಿತು. 2013ರಿಂದ ದೇಶದ ನಾನಾ ಹವಾಮಾನ ವಲಯಗಳಲ್ಲಿ ಸೌರಫಲಕಗಳನ್ನು ಸ್ಥಳದಲ್ಲೇ ಅಳೆಯುವ ಅಖಿಲ ಭಾರತ ಸಮೀಕ್ಷೆಗಳನ್ನೂ ಕೈಗೊಂಡಿತು. ಬಿಸಿ ಪ್ರದೇಶಗಳಲ್ಲಿ, ಅದರಲ್ಲೂ ತಾರಸಿಯ ಮೇಲೆ ಕೂರಿಸಿದ ಫಲಕಗಳು ಬೇಗ ಸವೆಯುತ್ತವೆ ಎಂಬುದು ಅವುಗಳ ಮುಖ್ಯ ಫಲಿತ.

ಈ ಫಲಿತ ನಮ್ಮ ನಾಡಿಗೆ ತೀರ ಹತ್ತಿರದ್ದು. ತುಮಕೂರು ಜಿಲ್ಲೆಯ ಪಾವಗಡದಲ್ಲಿ ರೈತರಿಂದ ಗುತ್ತಿಗೆಗೆ ಪಡೆದ ಸುಮಾರು 13,000 ಎಕರೆಯಲ್ಲಿ 2050 ಮೆಗಾವ್ಯಾಟ್ ಸಾಮರ್ಥ್ಯದ ಸೌರ ಉದ್ಯಾನ ನಿಂತಿದೆ. ಅಲ್ಲಿ ಬೇಸಿಗೆಯ ನಡುಹಗಲಲ್ಲಿ ಫಲಕದ ಮೈ 60 ಡಿಗ್ರಿಗೆ ಕಾದಿತೆನ್ನಿ. ಹಳೆಯ ಮಾದರಿಯ ಕೋಶ ಡಿಗ್ರಿಗೆ ಸುಮಾರು ಶೇ. 0.4ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. 25 ಡಿಗ್ರಿಯ ಮೇಲಿನ 35 ಡಿಗ್ರಿಗೆ ನಷ್ಟ ಶೇ. 14. ಬೆನ್ನಿನ ಚೀಟಿಯಲ್ಲಿ 330 ವ್ಯಾಟ್ ಎಂದು ಬರೆದ ಫಲಕ ಪೂರ್ಣ ಬಿಸಿಲಿನಲ್ಲೂ 284 ವ್ಯಾಟ್ ಮಾತ್ರ ಕೊಡುತ್ತದೆ. ಮೇಲ್ಮೈಯ ನಷ್ಟ ತಗ್ಗಿ ಕೋಶದ ವೋಲ್ಟೇಜ್ ಏರಿದಷ್ಟೂ ಕಾವಿನಿಂದ ಆಗುವ ಕುಸಿತ ಕಡಿಮೆ. ಸಿಡ್ನಿ, ಹಾಮೆಲಿನ್, ಐಂಡ್‌ಹೋವನ್ನಿನ ಕೆಲಸ ಪಾವಗಡದ ಬಿಸಿಲಿಗೆ ಸಂಬಂಧಿಸುವುದು ಇಲ್ಲಿಯೇ. ತಂಪು ದೇಶದ ಪ್ರಯೋಗಾಲಯಕ್ಕೆ ಈ ಗುಣ ಒಂದು ಉಪಲಾಭ, ನಮಗೆ ಮಾತ್ರ ಅದೇ ಮೊದಲ ಅಗತ್ಯ. ನಮ್ಮ ಸಂಶೋಧನೆಯ ಪ್ರಶ್ನೆಗಳನ್ನು ಹೊರಗಿನವರು ಕೇಳಲಿ ಎಂದು ಕಾಯುವುದು ಸಲ್ಲದು.

ವಿದೇಶಿ ಸಹಯೋಗಕ್ಕೆ ಕೊಡುವ ಗಮನದ ಒಂದು ಪಾಲನ್ನಾದರೂ ಒಳನಾಡಿನ ಸಹಯೋಗಕ್ಕೆ ಕೊಡಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ವಿಜ್ಞಾನ ಕೇಂದ್ರವೂ ಐಐಟಿ ಬಾಂಬೆಯೂ ತಮ್ಮ ಶುಚಿಕೊಠಡಿಗಳನ್ನು ಹೊರಗಿನ ಸಂಶೋಧಕರಿಗೆ ತೆರೆದಿಟ್ಟ ಬಳಕೆದಾರರ ಯೋಜನೆ 2008ರಿಂದ ನಡೆದಿದೆ. ಆ ಬಾಗಿಲು ಕೋಶ ತಯಾರಿಕೆಗೆ ಸಾಕಾದೀತು. ಸವೆತದ ಅಧ್ಯಯನಕ್ಕೆ ಬೇಕಾದದ್ದು ಇನ್ನೊಂದು ಬಾಗಿಲು, ಸೌರ ಉದ್ಯಾನದ್ದು. ತುಮಕೂರು, ಚಿತ್ರದುರ್ಗ, ಬಳ್ಳಾರಿಯ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಆಯ್ದ ಕೆಲವು ಫಲಕಗಳ ವಿದ್ಯುತ್ ಪ್ರವಾಹ–ವೋಲ್ಟೇಜ್ ರೇಖೆಯನ್ನು ವರ್ಷಕ್ಕೆರಡು ಬಾರಿ ಅಳೆಯಲಿ. ರಾತ್ರಿ ಫಲಕಕ್ಕೇ ವಿದ್ಯುತ್ ಹರಿಸಿ, ಅದು ಸೂಸುವ ಅವಗೆಂಪು ಬೆಳಕಿನ ಚಿತ್ರ ತೆಗೆದರೆ ಕಣ್ಣಿಗೆ ಕಾಣದ ಬಿರುಕುಗಳು ಕಪ್ಪು ಗೆರೆಗಳಾಗಿ ಮೂಡುತ್ತವೆ. ಹಾಳಾದ ಫಲಕ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಗಲಿ, ಅದರೊಂದಿಗೆ ಅಳೆದ ವಿದ್ಯಾರ್ಥಿಯೂ ಹೋಗಲಿ. ಉದ್ಯಾನದ ಗುತ್ತಿಗೆ ಕರಾರುಗಳಲ್ಲೇ ಮಾಹಿತಿ ಹಂಚಿಕೆಯ ಷರತ್ತು ಸೇರಬೇಕು. ಇಲ್ಲವಾದರೆ ಒಬ್ಬ ಒಳ್ಳೆಯ ಅಧಿಕಾರಿ ವರ್ಗವಾದೊಡನೆ ಬಾಗಿಲು ಮುಚ್ಚುತ್ತದೆ. ಪಾವಗಡದ ಮೊದಲ ಹಂತ 2018ರಲ್ಲಿ ಉದ್ಘಾಟನೆಯಾಯಿತು. ವಿದ್ಯುತ್ ಖರೀದಿಯ ಕರಾರು 25 ವರ್ಷಗಳದ್ದು. 2043ರವರೆಗೆ ಅಳತೆ ನಡೆಸಬಲ್ಲ ಅಧ್ಯಾಪಕರನ್ನೂ ಅವರ ವಿದ್ಯಾರ್ಥಿಗಳನ್ನೂ ಈಗಲೇ ಗುರುತಿಸಿ ನೇಮಿಸುವುದು ಮುಂದಿನ ಸಹಯೋಗ ಪತ್ರದ ಮೊದಲ ಕಲಮು ಆಗಬೇಕು.